ಕೊಂಬುಚಾ ಮೇಲೆ ಬಿಳಿ ಚುಕ್ಕೆ: ಬೂಷ್ಟಾ, ಹೊಸ ಪದರವಾ? ಸಹಾಯ ಬೇಕು

ನಮಸ್ಕಾರ, ಡೊಂಬಿವಲಿ, ಠಾಣೆ ಕಡೆ ಯಾರಾದರೂ ಮನೆಯಲ್ಲಿ ಕೊಂಬುಚಾ (ಸಕ್ಕರೆ ಹಾಕಿದ ಚಹಾ ಹುದುಗಿಸಿ ಮಾಡುವ ಹುಳಿ ಪಾನೀಯ) ಮಾಡುತ್ತೀರಾ? ಒಂದು ಲೀಟರ್ ಹಾಲಿಲ್ಲದ ಚಹಾಕ್ಕೆ 80 ಗ್ರಾಂ ಸಕ್ಕರೆ ಕರಗಿಸಿ, ಪೂರ್ತಿ ಆರಿದ ಮೇಲೆ ಸ್ಕೋಬಿ (ಚಹಾ ಹುದುಗಿಸುವ ಯೀಸ್ಟ್, ಬ್ಯಾಕ್ಟೀರಿಯಾಗಳ ಲೋಳೆಯಂಥ ಪದರ) ಮತ್ತು 100 ಮಿಲಿ ಹಳೇ ಕೊಂಬುಚಾ ಹಾಕಿ, ಗಾಜಿನ ಭರಣಿಗೆ ಬಟ್ಟೆ ಕಟ್ಟಿ ಇಟ್ಟಿದ್ದೇನೆ. ಕೆಳಗೆ ಕಂದು ಎಳೆಗಳು ನೇತಾಡುತ್ತಿವೆ. ಅದು ಯೀಸ್ಟ್, ಚಿಂತೆಯಿಲ್ಲ.

ತಲೆನೋವು ಮೇಲಿನ ಬಿಳಿ ಚುಕ್ಕೆಗಳದ್ದು. ಬಹುಪಾಲು ನುಣುಪಾಗಿ ಒದ್ದೆಯಾಗಿವೆ, ಒಂದು ಕಡೆ ಮಾತ್ರ ಒಣಗಿದ ಹಾಗಿದೆ, ಆದರೆ ಹಸಿರು, ಕಪ್ಪು ಬಣ್ಣವಾಗಲಿ ಹತ್ತಿಯಂಥ ರೋಮವಾಗಲಿ ಕಾಣುತ್ತಿಲ್ಲ. ಬೂಷ್ಟಾದರೆ ಸ್ಕೋಬಿ ಸಮೇತ ಚೆಲ್ಲಬೇಕು, ಮೇಲಷ್ಟೇ ತೆಗೆದು ಕುಡಿಯಬಾರದು ಅಂತ ಗೊತ್ತು. ಸುಮ್ನೆ ಚೆಲ್ಲೋಕೂ ಮನಸ್ಸಿಲ್ಲ! ಇಲ್ಲಿನ ಮಳೆಗಾಲದಲ್ಲಿ ಹಪ್ಪಳಕ್ಕೇ ಬೂಷ್ಟು ಬರುತ್ತದೆ, ಅದಕ್ಕೇ ಅನುಮಾನ ಜಾಸ್ತಿ.

ಕೊಂಬುಚಾದ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) 4.2ಕ್ಕಿಂತ ಕೆಳಗಿರಬೇಕಲ್ವಾ? ಅದನ್ನು ನೋಡುವ ಪಟ್ಟಿ ಇಲ್ಲಿ ಎಲ್ಲಿ ಸಿಗುತ್ತದೆ?

ಇನ್ನೊಂದು, ಹೊಟ್ಟೆಗೆ ಒಳ್ಳೆಯದು ಅಂತ ಅಪ್ಪನಿಗೂ ಕುಡಿಯುವ ಆಸೆ. ಅವರಿಗೆ ಶುಗರ್ ಇದೆ, ಕೊಂಬುಚಾದಲ್ಲಿ ಸಕ್ಕರೆ ಸ್ವಲ್ಪ ಉಳಿದೇ ಇರುತ್ತದೆ. ಡಾಕ್ಟರನ್ನು ಕೇಳದೆ ಕೊಡುವುದಿಲ್ಲ, ಆದರೂ ಶುಗರ್ ಇರುವವರು ಯಾರಾದರೂ ಕುಡಿಯುತ್ತಿದ್ದರೆ ಎಷ್ಟು, ಯಾವಾಗ ಅಂತ ಹೇಳಿ. ಭರಣಿಯ ಫೋಟೋ ಹಾಕಿದ್ದೇನೆ, ದಯವಿಟ್ಟು ನೋಡಿ.