ಮಗ್ಗುಲಾದರೆ ತಲೆಸುತ್ತು, ಜೊತೆಗೆ ಕಿವಿ ಮಂದ: ತೋರಿಸಿದವರು ಅನುಭವ ಹೇಳಿ

ಕುಷ್ಟಗಿಯಿಂದ ಪ್ರಶ್ನೆ

ಅವ್ವನಿಗೆ 62 ವರ್ಷ. ಹಾಸಿಗೆಯಲ್ಲಿ ಬಲಕ್ಕೆ ಮಗ್ಗುಲಾದರೆ ಮನೆಯೇ ಗಿರಗಿರ ತಿರುಗುತ್ತದೆ ಅನ್ನುತ್ತಾಳೆ. ಸ್ವಲ್ಪ ಹೊತ್ತಿಗೆ ತಾನೇ ನಿಲ್ಲುತ್ತದೆ. ಒಬ್ಬರು ಬಿಪಿ ಅಂದರು, ಇನ್ನೊಬ್ಬರು ಕುತ್ತಿಗೆ ಮೂಳೆ ಸವೆದಿದೆ ಅಂದರು. ಮಾತ್ರೆ ನುಂಗುತ್ತಲೇ ಇದ್ದಾಳೆ. ಕಿವಿಯೂ ಮಂದ ಆಗಿದೆ, ಟಿವಿ ಜೋರಾಗಿ ಇಡಬೇಕು. ಕಿವಿ ಪರೀಕ್ಷೆ ಮಾಡುವ ಆಡಿಯಾಲಜಿಸ್ಟ್ ಏನು ಮಾಡುತ್ತಾರೆ? ನೋವಾಗುತ್ತಾ? ಮೈಸೂರಿನ ವಾಕ್ ಶ್ರವಣ ಸಂಸ್ಥೆಗೇ ಹೋಗಬೇಕಾ?

ಬಳ್ಳಾರಿಯಿಂದ

ನೋಡ್ರಿ, ನೋವಿನ ಮಾತೇ ಇಲ್ಲ. ಅವ್ವನಿಗೆ ಮೊದಲು ಅದನ್ನು ಹೇಳಿ.

ನಮ್ಮ ಅತ್ತೆಗೂ ಹೀಗೇ ಆಗಿತ್ತು, ಇಲ್ಲೇ ತೋರಿಸಿದೆವು. ಅವರನ್ನು ಮಂಚದ ಮೇಲೆ ಕೂರಿಸಿ, ತಲೆಯನ್ನು ಬಲಕ್ಕೆ 45 ಡಿಗ್ರಿ ತಿರುಗಿಸಿ ಹಿಡಿದು, ಹಾಗೇ ಬೇಗನೆ ಹಿಂದಕ್ಕೆ ಮಲಗಿಸಿದರು. ತಲೆ ಮಂಚದ ಅಂಚಿನಾಚೆ ಸ್ವಲ್ಪ ಕೆಳಗಿತ್ತು. ‘ಕಣ್ಣು ಮುಚ್ಚಬೇಡ್ರಿ ಅಮ್ಮಾ’ ಅನ್ನುತ್ತಾ ಕಣ್ಣನ್ನೇ ನೋಡುತ್ತಿದ್ದರು. ಮೊದಲು ಏನೂ ಇಲ್ಲ. ಕೆಲವು ಸೆಕೆಂಡ್ ಆದ ಮೇಲೆ ಕಣ್ಣುಗುಡ್ಡೆ ತಾನಾಗಿ ಪಟಪಟ ಹೊರಳತೊಡಗಿತು. ಅತ್ತೆ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡರು. ಅರ್ಧ ನಿಮಿಷದೊಳಗೆ ನಿಂತಿತು. ಇದಕ್ಕೆ ಡಿಕ್ಸ್-ಹಾಲ್‌ಪೈಕ್ ಪರೀಕ್ಷೆ ಅನ್ನುತ್ತಾರೆ. ಯಾವ ಕಿವಿಯ ತೊಂದರೆ ಅನ್ನುವುದು ಆ ಕಣ್ಣಿನ ಓಟದಲ್ಲೇ ಗೊತ್ತಾಗುತ್ತದೆ.

ಒಳಕಿವಿಯಲ್ಲಿ ಸುಣ್ಣದಂಶದ ಸಣ್ಣ ಹರಳುಗಳಿರುತ್ತವೆ. ಅವು ಜಾಗ ಬಿಟ್ಟು ಪಕ್ಕದ ಅರೆವೃತ್ತದ ನಾಳದೊಳಗೆ ಸೇರಿಕೊಂಡರೆ ಮಗ್ಗುಲಾದಾಗ ತಲೆ ಸುತ್ತುತ್ತದೆ. ಈ ತೊಂದರೆಯನ್ನೇ ಬಿಪಿಪಿವಿ ಅಂತ ಚೀಟಿಯಲ್ಲಿ ಬರೆದಿದ್ದರು. ಅಲ್ಲೇ ತಲೆಯನ್ನು ಹಂತ ಹಂತವಾಗಿ ಹೊರಳಿಸಿ ಹರಳನ್ನು ಆ ನಾಳದಿಂದ ಹೊರಗೆ ತಂದರು. ಅದು ಎಪ್ಲಿ ವಿಧಾನ. ಮಾತ್ರೆಯಿಂದ ಹರಳು ವಾಪಸ್ ಹೋಗುವುದಿಲ್ಲ. ಅರವತ್ತು ದಾಟಿದ ಬಹಳ ಜನರ ಎಕ್ಸ್‌ರೇಯಲ್ಲಿ ಕುತ್ತಿಗೆ ಸವೆತ ಕಾಣಿಸುತ್ತದೆ. ಅಷ್ಟಕ್ಕೇ ತಲೆಸುತ್ತಿಗೆ ಅದೇ ಕಾರಣ ಅಂದುಬಿಟ್ಟರೆ ಹೇಗೆ? ಕುತ್ತಿಗೆ ನೋವಿದ್ದರೆ ಮಾತ್ರ ಪರೀಕ್ಷೆಗೆ ಮೊದಲೇ ಹೇಳಿಬಿಡಿ. ಯೂಟ್ಯೂಬ್ ನೋಡಿ ಮನೆಯಲ್ಲೇ ತಲೆ ತಿರುಗಿಸಲು ಹೋಗಬೇಡಿ, ಯಾವ ಕಿವಿ, ಯಾವ ನಾಳ ಅನ್ನುವುದು ಮೊದಲು ತಿಳಿಯಬೇಕು.

ಇನ್ನೊಂದು ಮಾತು. ಹರಳು ಜಾರಿದ್ದರಿಂದ ಕಿವಿ ಮಂದ ಆಗುವುದಿಲ್ಲ. ಅದಕ್ಕೆ ಬೇರೆ ಕಾರಣವೇ ಇರಬೇಕು. ತಲೆಸುತ್ತು ನಿಂತಿತು ಅಂತ ಕಿವಿ ಪರೀಕ್ಷೆ ಬಿಟ್ಟು ಮನೆಗೆ ಬರಬೇಡಿ.

ಸಿಂಧನೂರಿನಿಂದ

ಬೆಳ್ಳುಳ್ಳಿ ಎಣ್ಣೆ ಕಾಯಿಸಿ ಕಿವಿಗೆ ಬಿಡುವವರು ಇನ್ನೂ ಇದ್ದಾರೆ. ದಯವಿಟ್ಟು ಬೇಡ. ಕಿವಿ ತಮಟೆಯಲ್ಲಿ ತೂತಿದ್ದರೆ ಕಷ್ಟ. ಗುಗ್ಗೆ ಕಟ್ಟಿದ್ದರೆ ಇಎನ್‌ಟಿ ಡಾಕ್ಟರ್ ತೆಗೆದ ಮೇಲೆಯೇ ಪರೀಕ್ಷೆ.

ಗಂಗಾವತಿಯಿಂದ

ಕಿವಿ ಪರೀಕ್ಷೆ ಹೇಗಿರುತ್ತದೆ ಅಂತ ನಾನು ಹೇಳುತ್ತೇನೆ. ಅಣ್ಣ ಅಕ್ಕಿ ಮಿಲ್‌ನಲ್ಲಿದ್ದಾನೆ. ಸದ್ದು ಬಾರದ ಸಣ್ಣ ಕೋಣೆಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿದರು. ಎಷ್ಟೇ ಸಣ್ಣಗೆ ಕೇಳಿದರೂ ಗುಂಡಿ ಒತ್ತಬೇಕು. ಕೇಳಿಸಿದರೆ 10 ಡೆಸಿಬಲ್ ಇಳಿಸುತ್ತಾರೆ, ಕೇಳಿಸದಿದ್ದರೆ 5 ಏರಿಸುತ್ತಾರೆ. 250 ಹರ್ಟ್ಜ್‌ನ ದಪ್ಪ ದನಿಯಿಂದ 8000ದ ಕೀರಲು ದನಿವರೆಗೆ ನೋಡುತ್ತಾರೆ. ಆಮೇಲೆ ಕಿವಿ ಹಿಂದಿನ ಮೂಳೆಗೆ ಒಂದು ಸಾಧನ ಇಟ್ಟು ಮತ್ತೆ ಅದೇ. ಮೂಳೆಯಿಂದ ಚೆನ್ನಾಗಿ ಕೇಳಿ ಹೆಡ್‌ಫೋನ್‌ನಲ್ಲಿ ಕೇಳದಿದ್ದರೆ ತೊಂದರೆ ಹೊರಕಿವಿ ಅಥವಾ ನಡುಕಿವಿಯದ್ದು. ಎರಡರಲ್ಲೂ ಒಂದೇ ಸಮ ಕಡಿಮೆ ಇದ್ದರೆ ಒಳಕಿವಿ ಅಥವಾ ನರದ್ದು. ಇದನ್ನೆಲ್ಲ ಗೆರೆ ಎಳೆದು ತೋರಿಸುವ ಕಾಗದವೇ ಆಡಿಯೋಗ್ರಾಂ. ಅದರಲ್ಲಿ ಅಣ್ಣನ ಗೆರೆ 4000 ಹರ್ಟ್ಜ್‌ನ ಹತ್ತಿರ ಹಳ್ಳ ಬಿದ್ದಂತೆ ಇಳಿದಿತ್ತು. ಮಿಲ್ ಸದ್ದಿನಿಂದ ಆದದ್ದು, ಹೋದದ್ದು ವಾಪಸ್ ಬರುವುದಿಲ್ಲ ಅಂದರು. ಈಗ ಇಯರ್‌ಮಫ್ ಹಾಕಿಕೊಂಡೇ ಕೆಲಸ. ಮಿಲ್‌ನವರು ಯಾರಾದರೂ ಓದುತ್ತಿದ್ದರೆ, ಡ್ಯೂಟಿ ಮುಗಿಸಿ ನೇರ ಪರೀಕ್ಷೆಗೆ ಹೋಗಬೇಡಿ. ರಾತ್ರಿಯೆಲ್ಲ ಕಿವಿಗೆ ವಿಶ್ರಾಂತಿ ಕೊಟ್ಟು ಬೆಳಿಗ್ಗೆ ಹೋಗಿ.

ಅವ್ವನಿಗೆ ಮಾತು ಕೇಳುತ್ತದೆ ಆದರೆ ತಿಳಿಯುವುದಿಲ್ಲ ಅನ್ನುವ ಹಾಗಿದ್ದರೆ ಅದನ್ನೂ ಹೇಳಿ. ವಯಸ್ಸಾದವರಿಗೆ ಮೊದಲು ಕೀರಲು ದನಿಗಳೇ ಹೋಗುತ್ತವೆ, ಸ, ಶ ಅಕ್ಷರಗಳು ತಪ್ಪುತ್ತವೆ. ಅದಕ್ಕೆ ಕನ್ನಡ ಪದ ಹೇಳಿಸಿ ನೋಡುವ ಪರೀಕ್ಷೆ ಬೇರೆ ಇದೆ.

ರಾಯಚೂರಿನಿಂದ, ಸ್ಟಾಫ್ ನರ್ಸ್

ಎರಡು ವಿಷಯ ಮಾತ್ರ ಕಾಯುವಂಥವಲ್ಲ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದೆ ಹೋದರೆ ಅವತ್ತೇ ಇಎನ್‌ಟಿಗೆ ಹೋಗಿ. ಸ್ಟಿರಾಯ್ಡ್ ಬೇಗ ಶುರುವಾದಷ್ಟೂ ಒಳ್ಳೆಯದು. ತಲೆಸುತ್ತಿನ ಜೊತೆ ಮಾತು ತೊದಲಿದರೆ, ಎರಡೆರಡು ಕಂಡರೆ, ಕೈಕಾಲು ಸೋತರೆ ಅಥವಾ ನಿಲ್ಲಲೇ ಆಗದಿದ್ದರೆ ಅದು ಪಾರ್ಶ್ವವಾಯು ಇರಬಹುದು. ಕೂಡಲೇ 108ಕ್ಕೆ ಫೋನ್ ಮಾಡಿ.

ಈಗ ನುಂಗುತ್ತಿರುವ ಮಾತ್ರೆಗಳ ಚೀಟಿಯನ್ನೂ ಒಯ್ಯಿರಿ. ಕೆಲವು ತಲೆಸುತ್ತಿನ ಮಾತ್ರೆ ಒಳಗಿದ್ದರೆ ಸಮತೋಲನದ ಪರೀಕ್ಷೆ ಸರಿ ಬರುವುದಿಲ್ಲ. ಯಾವುದನ್ನು ಎಷ್ಟು ದಿನ ನಿಲ್ಲಿಸಬೇಕು ಅಂತ ಅವರೇ ಹೇಳಲಿ. ಬಿಪಿ ಮಾತ್ರೆ ನೀವಾಗಿ ನಿಲ್ಲಿಸಬೇಡಿ.

ಕೊಪ್ಪಳದಿಂದ

ಮೈಸೂರಿಗೆ ಈಗಲೇ ಬೇಡ. ಕೊಪ್ಪಳ, ಬಳ್ಳಾರಿ, ರಾಯಚೂರು ಮೂರರಲ್ಲೂ ಸರ್ಕಾರಿ ಮೆಡಿಕಲ್ ಕಾಲೇಜು ಇದೆ, ಅಲ್ಲಿಯ ಇಎನ್‌ಟಿಯಲ್ಲಿ ಮೊದಲು ತೋರಿಸಿ. ಅಲ್ಲಿ ಬಗೆಹರಿಯದಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದ್ದೇ ಇದೆ. ಕೊಪ್ಪಳದಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ನೇರ ಮೈಸೂರು. ಹೋಗುವಾಗ ಇಲ್ಲಿಯ ಆಡಿಯೋಗ್ರಾಂ ಕಾಗದ ಜೊತೆಗಿರಲಿ.