ಸಹಾಯ ಬೇಕು: ಗ್ರಾಹಕರ ಬಾಕಿ ಮತ್ತು ಇನ್‌ವಾಯ್ಸ್ ಲೆಕ್ಕ

ಎಲ್ಲರಿಗೂ ನಮಸ್ಕಾರ. ಒಂದು ಸಣ್ಣ ಪ್ರಿಂಟಿಂಗ್ ವ್ಯವಹಾರದ ಲೆಕ್ಕ ಈಗ ನನ್ನ ಕೈಗೆ ಬಂದಿದೆ. ನಾನು ಕಾಮರ್ಸ್ ಓದಿದವಳಲ್ಲ, ಸ್ವಲ್ಪ ಬಿಡಿಸಿ ಹೇಳಿ.

ಇಷ್ಟು ಅರ್ಥವಾಗಿದೆ. ಸಾಲಕ್ಕೆ ಮಾರಿದರೆ ಇನ್‌ವಾಯ್ಸ್ ಹಾಕಿದ ದಿನವೇ ಗ್ರಾಹಕರ ಖಾತೆಗೆ ಡೆಬಿಟ್, ಮಾರಾಟಕ್ಕೆ ಕ್ರೆಡಿಟ್. ಹಣ ಬಂದಾಗ ಬ್ಯಾಂಕಿಗೆ ಡೆಬಿಟ್, ಗ್ರಾಹಕರಿಗೆ ಕ್ರೆಡಿಟ್. ಆಗ ಮತ್ತೆ ಮಾರಾಟ ಅಂತ ಬರೆದರೆ ಒಂದೇ ಆದಾಯ ಎರಡು ಸಲ ಸೇರುತ್ತದೆ, ಅಲ್ವಾ?

ತಲೆಬಿಸಿ ಇರುವುದು ಇಲ್ಲಿ. ಒಬ್ಬ ಗ್ರಾಹಕರಿಂದ ಮೂರು ಇನ್‌ವಾಯ್ಸ್‌ಗಳ ಹಣ ಬರಬೇಕು: 4,000, 6,500 ಮತ್ತು 2,000. ಅವರು ಸುಮ್ನೆ 7,000 ಕಳಿಸಿದ್ದಾರೆ, ಯಾವುದಕ್ಕೆ ಅಂತ ಹೇಳಿಲ್ಲ. ಹಳೆಯದಕ್ಕೆ ಮೊದಲು ಜಮಾ ಮಾಡಿದರೆ 4,000 ತೀರುತ್ತದೆ, ಎರಡನೆಯದರಲ್ಲಿ 3,500 ಉಳಿಯುತ್ತದೆ. ಆದರೆ ಅವರ ತಕರಾರು ಇರುವುದೇ ಆ ಎರಡನೆಯದರ ಮೇಲೆ, ಕೆಲವು ಪ್ರತಿಗಳನ್ನು ವಾಪಸ್ ಕಳಿಸಿದ್ದಾರೆ. ಕೇಳದೆ ನಾನೇ ಹೊಂದಿಸಬಹುದಾ? ಅಥವಾ ಅವರ ಉತ್ತರ ಬರುವವರೆಗೆ ಯಾವ ಇನ್‌ವಾಯ್ಸ್‌ಗೂ ಸೇರಿಸದೆ ಅವರ ಖಾತೆಯಲ್ಲೇ ಇಡಬೇಕಾ?

ವಾಪಸ್ ಬಂದ ಮಾಲಿಗೆ ಹಳೆ ಇನ್‌ವಾಯ್ಸನ್ನೇ ತಿದ್ದಿಬಿಡು ಎಂದು ಒಬ್ಬರು ಹೇಳಿದರು. ನನಗೆ ಒಪ್ಪಿಗೆಯಾಗಲಿಲ್ಲ. ಗ್ರಾಹಕರ ಹತ್ತಿರ ಒಂದು ಮೊತ್ತ, ನಮ್ಮ ಹತ್ತಿರ ಇನ್ನೊಂದು ಆಗಿಬಿಡುತ್ತದಲ್ಲ! ಕ್ರೆಡಿಟ್ ನೋಟ್ (ವಾಪಸ್ ಬಂದ ಮಾಲಿನಷ್ಟು ಬಾಕಿ ಕಡಿಮೆಯಾಯಿತು ಅಂತ ಬರೆದುಕೊಡುವ ಚೀಟಿ) ಕೊಡುವುದೇ ಸರಿ ಅನ್ನಿಸುತ್ತದೆ.

ಇನ್ನೊಂದು. ಬಾಕಿಯನ್ನು 0–30, 31–60 ದಿನ ಅಂತ ವಿಂಗಡಿಸುವಾಗ ಇನ್‌ವಾಯ್ಸ್ ತಾರೀಖಿನಿಂದ ಎಣಿಸಬೇಕಾ, ಗಡುವಿನ ತಾರೀಖಿನಿಂದಲಾ? ಕೆಲವರಿಗೆ 15 ದಿನ, ಕೆಲವರಿಗೆ 45 ದಿನ ಗಡುವು ಕೊಟ್ಟಿದ್ದೇವೆ. ಮೊದಲ ರೀತಿಯಲ್ಲಿ ಎಣಿಸಿದರೆ ಗಡುವು ಇನ್ನೂ ಮುಗಿಯದವರೂ ತಡ ಮಾಡಿದವರ ಹಾಗೆ ಕಾಣುತ್ತಾರೆ.

ಮೇಲಿನ ಮೊತ್ತಗಳನ್ನೇ ಇಟ್ಟುಕೊಂಡು ಎಂಟ್ರಿ ಬರೆದು ತೋರಿಸಿದರೆ ತುಂಬಾ ಉಪಕಾರವಾಗುತ್ತದೆ.