ಅಜ್ಜನ ವಾಲ್ವ್ ರೇಡಿಯೋ ಸಿಕ್ಕಿದೆ, ಪ್ಲಗ್ ಹಾಕಿ ನೋಡಬಹುದಾ?

ಖಡಕಿವಾಸಿ:
ನಮಸ್ಕಾರ. ಪುಣೆಯ ಖಡಕಿಯ ಮನೆ ಖಾಲಿ ಮಾಡುವಾಗ ಅಟ್ಟದ ಮೇಲೆ ಅಜ್ಜನ ವಾಲ್ವ್ ರೇಡಿಯೋ ಸಿಕ್ಕಿತು. ಸಂಜೆಯಾದರೆ ಇದರಲ್ಲೇ ಧಾರವಾಡ ಸ್ಟೇಷನ್ ಹಿಡಿದು ಕೂರುತ್ತಿದ್ದರು. ಹಿಂದಿನ ರಟ್ಟಿನ ಮೇಲೆ ಫಿಲಿಪ್ಸ್ ಅಂತಿದೆ, ಮಾಡೆಲ್ ನಂಬರನ್ನು ಜಿರಳೆ ತಿಂದಿದೆ, ಕೊನೆಯ ಯು ಅಕ್ಷರ ಮಾತ್ರ ಉಳಿದಿದೆ. ಒಳಗೆ ಬಲ್ಬಿನಂಥ ನಾಲ್ಕು ಗಾಜಿನ ವಾಲ್ವ್. ಒಂದು ನಾಬ್ ಇಲ್ಲ. ಇಲ್ಲಿನ ಒಂದು ಅಂಗಡಿಯವರು ಒಳಗಿನದ್ದೆಲ್ಲ ಕಿತ್ತು ಬ್ಲೂಟೂತ್ ಕೂರಿಸಿಕೊಡ್ತೀವಿ ಅಂದರು, ನನಗೆ ಅದು ಬೇಡ. ಇದು ಯಾವ ಕಾಲದ್ದು? ಪ್ಲಗ್ ಹಾಕಿ ನೋಡಲಾ?

ಡೊಂಬಿವಲಿ ರೇಡಿಯೋ:
ದಯವಿಟ್ಟು ಹಾಕಬೇಡಿ. ಫಿಲಿಪ್ಸ್ ನಂಬರಿನ ಕೊನೆಗೆ ಎ ಇದ್ದರೆ ಎಸಿ ಸೆಟ್, ಯು ಇದ್ದರೆ ಎಸಿ-ಡಿಸಿ ಎರಡಕ್ಕೂ ನಡೆಯುವಂಥದ್ದು. ಯು ಸೆಟ್ಟಿನಲ್ಲಿ ಕರೆಂಟು ನೇರ ಒಳಗೆ ಬರುತ್ತದೆ, ಪ್ಲಗ್ ತಿರುಗಾಮುರುಗಾ ಆದರೆ ಚಾಸಿಗೇ, ಅಂದರೆ ಒಳಗಿನ ಲೋಹದ ತಟ್ಟೆಗೇ, 230 ವೋಲ್ಟ್. ನಾಬ್ ಇಲ್ಲ ಅಂದಿರಲ್ಲ, ಅಲ್ಲಿ ಹೊರಗೆ ಕಾಣೋ ಲೋಹದ ಕಡ್ಡಿಯನ್ನು ಮುಟ್ಟಿದರೂ ಶಾಕ್ ಹೊಡೆಯಬಹುದು.

ಮೊದಲು ವಾಲ್ವ್ ನಂಬರ್ ಓದಿ. ಧೂಳಿದೆ ಅಂತ ಬಟ್ಟೆಯಲ್ಲಿ ಉಜ್ಜಬೇಡಿ, ಗಾಜಿನ ಮೇಲಿನ ಅಕ್ಷರವೂ ಧೂಳಿನ ಜೊತೆಗೇ ಹೋಗಿಬಿಡುತ್ತದೆ. ಮಾಸಿದ್ದರೆ ಹಾ ಅಂತ ಉಸಿರು ಬಿಡಿ, ಆವಿ ಕೂತಾಗ ನಂಬರ್ ಮೂಡುತ್ತದೆ. ನನ್ನ ಊಹೆ ಯುಸಿಎಚ್81, ಯುಬಿಎಫ್89, ಯುಸಿಎಲ್82, ಯುವೈ85. ಇವು 1950ರ ದಶಕದಲ್ಲಿ ಬಂದ ವಾಲ್ವ್‌ಗಳು, ರೇಡಿಯೋ ಅದಕ್ಕಿಂತ ಹಳೆಯದಿರಲ್ಲ. ಆಮೇಲೆ ಮೀಟರಿನಲ್ಲಿ ಪ್ರತಿ ವಾಲ್ವಿನ 4 ಮತ್ತು 5ನೇ ಪಿನ್ ನಡುವೆ ಕಂಟಿನ್ಯೂಟಿ ನೋಡಿ, ಅಂದರೆ ಒಳಗಿನ ಫಿಲಮೆಂಟ್ ತಂತಿ ತುಂಡಾಗಿಲ್ಲ ತಾನೇ ಅಂತ. ನಾಲ್ಕೂ ಫಿಲಮೆಂಟ್ ಒಂದೇ ಸಾಲಿನಲ್ಲಿರುತ್ತವೆ, ಗಣಪತಿ ಮಂಟಪದ ಸೀರಿಯಲ್ ಲೈಟ್ ಥರ, ಒಂದು ಹೋದರೆ ಎಲ್ಲಾ ಕತ್ತಲೆ.

ಮಾಟುಂಗಾ ಮಾಮ:
ಅಜ್ಜನ ಟ್ರಂಕಿನಲ್ಲಿ ಆಗ ರೇಡಿಯೋ ಇಟ್ಟುಕೊಳ್ಳಲು ಬೇಕಿದ್ದ ಪೋಸ್ಟ್ ಆಫೀಸಿನ ರೇಡಿಯೋ ಲೈಸೆನ್ಸ್ ಪುಸ್ತಕ ಇದೆಯಾ ಹುಡುಕಿ, ವರ್ಷ ಅದರ ಸೀಲಿನಲ್ಲೇ ಸಿಗುತ್ತದೆ.

ಯುಸಿಎಲ್82ರ ಗ್ರಿಡ್‌ಗೆ (ಸಿಗ್ನಲ್ ಒಳಗೆ ಹೋಗುವ ಪಿನ್ನಿಗೆ) ಹೋಗುವ ಕಪ್ಲಿಂಗ್ ಕಂಡೆನ್ಸರನ್ನು, ಅಂದರೆ ಡಿಸಿ ತಡೆದು ದನಿಯ ಸಿಗ್ನಲ್ ಮಾತ್ರ ದಾಟಿಸುವ ಬಿಡಿಭಾಗವನ್ನು, ಕಣ್ಣು ಮುಚ್ಚಿ ಬದಲಾಯಿಸಿ. ಹಳೇ ಪೇಪರ್ ಕಂಡೆನ್ಸರ್ ಸೋರಿದರೆ ಆ ವಾಲ್ವ್ ಕರೆಂಟ್ ಜಾಸ್ತಿ ಎಳೆದು ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೇ ಸುಡುತ್ತದೆ. ನಮ್ಮಪ್ಪನ ರೇಡಿಯೋ ನಾನು ಕಳೆದುಕೊಂಡಿದ್ದು ಹಾಗೆಯೇ, ಆ ಮೇಣ ಸುಟ್ಟ ವಾಸನೆ ಇನ್ನೂ ಮರೆತಿಲ್ಲ. ಸಾಮಾನ್ಯವಾಗಿ 0.01 ಮೈಕ್ರೋಫ್ಯಾರಡ್ ಇರುತ್ತದೆ, 630 ವೋಲ್ಟಿನದ್ದು ಹಾಕಿ, ಮುಂಬೈನ ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುತ್ತದೆ. ಗುಂಯ್ ಸದ್ದು ತಡೆಯುವ ಫಿಲ್ಟರ್ ಕಂಡೆನ್ಸರೂ ಹೊಸದು ಹಾಕಿ. ಮೊದಲ ಸಲ 60 ವಾಟಿನ ಹಳೇ ಥರದ ಫಿಲಮೆಂಟ್ ಬಲ್ಬನ್ನು ಸೀರೀಸ್‌ನಲ್ಲಿಟ್ಟೇ ಹಚ್ಚಿ. ಬಲ್ಬ್ ಪೂರ್ತಿ ಉರಿದರೆ ಶಾರ್ಟ್ ಇದೆ, ಆರಿಸಿಬಿಡಿ. ಬಲ್ಬ್ ಇದ್ದರೂ ಚಾಸಿ ಮುಟ್ಟೋ ಹಾಗಿಲ್ಲ.

ಖಡಕಿವಾಸಿ:
ಉಸಿರು ಬಿಟ್ಟು ಓದಿದೆ, ನಾಲ್ಕೂ ನೀವು ಹೇಳಿದ ನಂಬರೇ! ಮೂರು ವಾಲ್ವಿಗೆ ಮೀಟರ್ ಬೀಪ್ ಅಂತು, ಯುವೈ85 ಮಾತ್ರ ಸುಮ್ನಿದೆ. ಲೈಸೆನ್ಸ್ ಪುಸ್ತಕವೂ ಸಿಕ್ಕಿತು, ಮೊದಲ ಸೀಲು 1961. ಭಾನುವಾರ ಇಲ್ಲಿನ ಹಳೇ ಸಾಮಾನಿನ ಸಂತೆ ಜುನಾ ಬಜಾರಿನಲ್ಲಿ ಯುವೈ85 ಹುಡುಕ್ತೀನಿ.

ಡೊಂಬಿವಲಿ ರೇಡಿಯೋ:
ನನ್ನ ಹತ್ತಿರ ಒಂದು ಇದೆ, ಕೊಳ್ಳಬೇಡಿ. ಕಳಿಸಿಕೊಡ್ತೀನಿ.